ಮೊದಲು ಮೊಟ್ಟೆ ಎಣಿಸಿ: ಮನೆಯಲ್ಲಿ ಸರೀಸೃಪ ಸಾಕಿ ಮರಿ ಮಾರುವವರು ಯಾವುದನ್ನು ಆರಿಸಬೇಕು?

ಷಿಕಾಗೊ ಹೊರವಲಯದ ಟಿನ್ಲಿ ಪಾರ್ಕ್‌ನಲ್ಲಿ ಸರೀಸೃಪಗಳ ದೊಡ್ಡ ಸಂತೆ ನಡೆಯುತ್ತದೆ. ಭಾನುವಾರ ಸಂತೆ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿ ನೋಡಿ. ಬೆಳಗ್ಗೆ 60 ಡಾಲರ್ ಎಂದಿದ್ದ ಚೀಟಿಯ ಮೇಲೆ ಗೀಟು ಬಿದ್ದು 40 ಆಗಿರುತ್ತದೆ, ಇನ್ನೊಂದು ಗೀಟು ಬಿದ್ದು 25 ಆಗಿರುತ್ತದೆ. ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವವಳು ಉಳಿದ ಕಟ್ಟುಗಳನ್ನು ಅಗ್ಗಕ್ಕೆ ಕೊಟ್ಟು ಎದ್ದುಬಿಡುತ್ತಾಳೆ. ಮರಿ ಮಾರುವವನಿಗೆ ಆ ಬಿಡುಗಡೆ ಇಲ್ಲ. ಉಳಿದ ಮರಿ ಅವನ ಜೊತೆ ಮನೆಗೆ ಬರುತ್ತದೆ, ಸೋಮವಾರ ಬೆಳಗ್ಗೆ ಅದಕ್ಕೆ ಹುಳು ಬೇಕು, ನೀರು ಬೇಕು, ಬಿಸಿ ಬೇಕು.

ನಾನು ಇಲ್ಲಿನ ಮನೆಯ ಬೇಸ್‌ಮೆಂಟಿನಲ್ಲಿ ಹಲ್ಲಿ, ಹಾವುಗಳನ್ನು ಸಾಕಿ ಮರಿ ಮಾಡಿಸತೊಡಗಿ ಒಂಬತ್ತು ವರ್ಷವಾಯಿತು. ನೇಪರ್‌ವಿಲ್, ಅರೋರಾ ಕಡೆಯ ಕನ್ನಡದ ಗೆಳೆಯರು ಮನೆಗೆ ಬಂದಾಗ ಒಂದು ಸುತ್ತು ನೋಡಿ, "ಇದರಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ?" ಎಂದು ಕೇಳುತ್ತಾರೆ. ನಾನೂ ಮೊದಲ ದಿನ ಅದನ್ನೇ ಕೇಳಿದ್ದೆ. ಈಗ ಅವರಿಗೆ ಬೇರೆ ಪ್ರಶ್ನೆ ಹಾಕುತ್ತೇನೆ: ಹುಟ್ಟಿದ ಮರಿಗಳಲ್ಲಿ ಅರ್ಧ ಮಾರಾಟವಾಗದೆ ಉಳಿದರೆ, ಅವನ್ನು ಆರು ತಿಂಗಳು ಚೆನ್ನಾಗಿ ಸಾಕಲು ನಿಮ್ಮಿಂದ ಆಗುತ್ತದೆಯೇ? ಈ ಬರಹದ ಹೋಲಿಕೆಯೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಹೊಸಬರ ಕೈಗೆ ಸುಲಭವಾಗಿ ಸಿಗುವ, ಸಾಕಿದ ಜೀವಗಳಿಂದಲೇ ತಲೆಮಾರುಗಳಿಂದ ಮರಿ ಆಗುತ್ತಿರುವ ಐದನ್ನು ತೆಗೆದುಕೊಂಡಿದ್ದೇನೆ: ಲೆಪರ್ಡ್ ಗೆಕ್ಕೊ, ಕ್ರೆಸ್ಟೆಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್, ಕಾರ್ನ್ ಸ್ನೇಕ್, ಬಾಲ್ ಪೈಥಾನ್. ಮೊದಲ ಮೂರು ಹಲ್ಲಿಗಳು, ಕೊನೆಯ ಎರಡು ಹಾವುಗಳು. ಆಮೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕುವುದಕ್ಕೆಂದು ಮಾರುವಂತಿಲ್ಲ. ಪುಟ್ಟ ಆಮೆಗಳಿಂದ ಮಕ್ಕಳಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕು ತಗಲುತ್ತಿತ್ತು ಎಂಬುದೇ ಕಾರಣ. ಅಷ್ಟು ಬೆಳೆಯುವವರೆಗೆ ಮರಿಗಳನ್ನು ಇಟ್ಟುಕೊಳ್ಳುವುದು ಸಣ್ಣ ಮನೆಯ ಕೆಲಸವಲ್ಲ.

ವರ್ಷಕ್ಕೆ ಎಷ್ಟು ಮರಿ?

ಬಾಲ್ ಪೈಥಾನ್ ವರ್ಷಕ್ಕೊಮ್ಮೆ ಮಾತ್ರ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟು. ಎಷ್ಟೋ ಹೆಣ್ಣುಗಳು ಒಂದು ವರ್ಷ ಇಟ್ಟು ಮರುವರ್ಷ ಸುಮ್ಮನಿರುತ್ತವೆ. ಎರಡು ಜಾತಿಯ ಗೆಕ್ಕೊಗಳೂ ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುತ್ತವೆ, ಆದರೆ ಋತುವಿನುದ್ದಕ್ಕೂ ಮತ್ತೆ ಮತ್ತೆ ಇಡುತ್ತವೆ. ವರ್ಷದ ಕೊನೆಗೆ ಒಂದು ಹೆಣ್ಣಿಗೆ ಹನ್ನೆರಡು, ಹದಿನಾಲ್ಕು ಎಂದು ಲೆಕ್ಕ ಹಿಡಿಯಬಹುದು. ಕಾರ್ನ್ ಸ್ನೇಕ್ ಒಂದೇ ಸಲಕ್ಕೆ ಹತ್ತರಿಂದ ಇಪ್ಪತ್ತು ಇಡುತ್ತದೆ, ಮೈತುಂಬಿಕೊಂಡಿದ್ದರೆ ಅದೇ ವರ್ಷ ಇನ್ನೊಂದು ಕಂತು. ಬಿಯರ್ಡೆಡ್ ಡ್ರ್ಯಾಗನ್ ಒಂದು ಕಂತಿಗೆ ಹದಿನೈದರಿಂದ ಮೂವತ್ತು ಇಟ್ಟು, ಒಂದೇ ಮಿಲನದ ಮೇಲೆ ಎರಡು ಮೂರು ಕಂತು ಮುಗಿಸಿಬಿಡುತ್ತದೆ.

ಈ ಸಂಖ್ಯೆಗಳನ್ನು ಡಬ್ಬಿಗಳಾಗಿ, ಊಟವಾಗಿ ನೋಡಿ. ಡ್ರ್ಯಾಗನ್ ಮರಿ ಹುಟ್ಟಿದ ವಾರದಿಂದ ದಿನಕ್ಕೆ ಕ್ರಿಕೆಟ್ ಎಂಬ ಮಿಡತೆಯಂಥ ಹುಳು ಹತ್ತಾರು ತಿನ್ನುತ್ತದೆ. ನಲವತ್ತು ಮರಿ ಇದ್ದರೆ ಸಾವಿರ ಹುಳುಗಳ ಡಬ್ಬ ಎರಡು ದಿನಕ್ಕೂ ಸಾಲದು. ಹಸಿದರೆ ಪಕ್ಕದ ಮರಿಯ ಕಾಲ್ಬೆರಳು, ಬಾಲದ ತುದಿ ಕಚ್ಚುತ್ತವೆ. ಆಸ್ಟ್ರೇಲಿಯಾದ ಬಿಸಿಲಿನ ಜೀವಿ ಆದ್ದರಿಂದ ನೇರಳಾತೀತ ಕಿರಣ ಕೊಡುವ ದೀಪ ಎಲ್ಲ ಪೆಟ್ಟಿಗೆಗೂ ಬೇಕು, ಅದಿಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಇಷ್ಟು ಮಾಡಿ ಆರು ವಾರ ಸಾಕಿದ ಮರಿಗೆ ಸಿಗುವುದು ಒಂದು ಗೆಕ್ಕೊ ಮರಿಗೆ ಸಿಗುವಷ್ಟೇ ಬೆಲೆ. ಡ್ರ್ಯಾಗನ್ ಒಂದನ್ನು ಸಾಕಿ, ಮನೆಯ ಮಕ್ಕಳು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಲಿ, ಅದರಷ್ಟು ಸಾಧುವಾದ ಹಲ್ಲಿ ಇನ್ನೊಂದಿಲ್ಲ. ಮರಿ ಮಾಡಿಸಲು ಮಾತ್ರ ಹೋಗಬೇಡಿ. ಇದರಲ್ಲಿ ನನ್ನ ಅಭಿಪ್ರಾಯ ಒಂಬತ್ತು ವರ್ಷದಲ್ಲಿ ಬದಲಾಗಿಲ್ಲ.

ಎರಡು ಗೆಕ್ಕೊಗಳ ನಡುವೆ

ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲಿ. ಎರಡೂ ಅಂಗೈಯಲ್ಲಿ ಹಿಡಿಸುವ ಜೀವಗಳು, ಎರಡೂ ಹದಿನೈದು ಇಪ್ಪತ್ತು ವರ್ಷ ಬದುಕುತ್ತವೆ, ಮೊಟ್ಟೆಯ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಆದರೆ ಅವು ಕೇಳುವ ಮನೆ ಬೇರೆ.

ಲೆಪರ್ಡ್ ಗೆಕ್ಕೊ ಅಫ್ಗಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ನೆಲದ್ದು. ಗೋಡೆ ಹತ್ತುವುದಿಲ್ಲ, ಅಂಟುವ ಪಾದವೇ ಇಲ್ಲ. ತಿಪಟೂರಿನಿಂದ ಬಂದಿದ್ದ ಅಮ್ಮ ಮೊದಲ ವಾರ ಬೇಸ್‌ಮೆಂಟಿನ ಮೆಟ್ಟಿಲು ಇಳಿಯಲೇ ಇಲ್ಲ. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ "ಕೃಷ್ಣ ಕೃಷ್ಣ" ಎನ್ನುವ ಮನೆಯಿಂದ ಬಂದವರು ಅವರು. ಒಂದು ಸಂಜೆ ಇಳಿದು ಬಂದು ಗಾಜಿಗೆ ಮುಖ ಹತ್ತಿರ ಹಿಡಿದು ನೋಡಿ, "ಇದು ಕಣ್ಣು ಮಿಟುಕಿಸುತ್ತದಲ್ಲೋ! ನಮ್ಮ ಅಡುಗೆಮನೆಯ ಹಲ್ಲಿ ಒಂದು ದಿನವೂ ಮಿಟುಕಿಸಿದ್ದು ಕಾಣೆ" ಎಂದರು. ಅವರು ಕಂಡದ್ದು ಸರಿ. ಲೆಪರ್ಡ್ ಗೆಕ್ಕೊಗೆ ರೆಪ್ಪೆ ಇದೆ. ನಮ್ಮ ಮನೆಹಲ್ಲಿಗೂ ಕ್ರೆಸ್ಟೆಡ್ ಗೆಕ್ಕೊಗೂ ರೆಪ್ಪೆ ಇಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತವೆ.

ಲೆಪರ್ಡ್ ಗೆಕ್ಕೊಗೆ ಹೊಟ್ಟೆಯಡಿಯ ನೆಲ ಒಂದು ಕಡೆ 31ರಿಂದ 33 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಇನ್ನೊಂದು ಕಡೆ ತಂಪಿರಬೇಕು. ತಿನ್ನುವುದು ಜೀವಂತ ಹುಳು ಮಾತ್ರ. ಅಂದರೆ ನೀವು ಹಲ್ಲಿಯ ಜೊತೆಗೆ ಮೀಲ್‌ವರ್ಮ್ ಹುಳುವನ್ನೋ ಡೂಬಿಯಾ ಜಿರಳೆಯನ್ನೋ ಸಾಕುತ್ತಿದ್ದೀರಿ ಎಂದೇ ತಿಳಿಯಿರಿ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡಬೇಕು. ಮೊಟ್ಟೆ ಇಡುವ ಹೆಣ್ಣಿನ ಬಾಲ ದಪ್ಪಗಿರಬೇಕು, ಕೊಬ್ಬಿನ ಉಗ್ರಾಣ ಅದು. ಬಾಲ ಸೊರಗಿದ ದಿನವೇ ಗಂಡನ್ನು ಬೇರೆ ಇಡಿ. ವರ್ಷ ತುಂಬದ, 50 ಗ್ರಾಂ ತೂಗದ ಹೆಣ್ಣನ್ನು ನಾನು ಗಂಡಿನ ಹತ್ತಿರಕ್ಕೂ ಬಿಡುವುದಿಲ್ಲ.

ಇದರ ದೊಡ್ಡ ಅನುಕೂಲ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನಲ್ಲಿದೆ. ಲೆಪರ್ಡ್ ಗೆಕ್ಕೊದಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಗೆ ಕೊಟ್ಟ ಕಾವು ನಿರ್ಧರಿಸುತ್ತದೆ. 27 ಡಿಗ್ರಿಯ ಆಸುಪಾಸಿನಲ್ಲಿ ಬಹುಪಾಲು ಹೆಣ್ಣು, 32.5ರ ಆಸುಪಾಸಿನಲ್ಲಿ ಬಹುಪಾಲು ಗಂಡು, ನಡುವೆ ಎರಡೂ. ಗಂಡುಗಳನ್ನು ಒಟ್ಟಿಗೆ ಇಟ್ಟರೆ ಕಚ್ಚಾಡುತ್ತವೆ. ಉಳಿದ ಮರಿ ಹೆಣ್ಣಾಗಿದ್ದರೆ ನಿಮ್ಮ ತಲೆನೋವು ಅರ್ಧ ಇಳಿಯುತ್ತದೆ, ಕೊಳ್ಳುವವರೂ ಹೆಣ್ಣನ್ನು ಹೆಚ್ಚು ಕೇಳುತ್ತಾರೆ. ಇದನ್ನೆಲ್ಲ ಮಾಡಲು ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ನಂಬಿಕಸ್ಥ ಆಗಿರಬೇಕು. ಹಣ ಉಳಿಸುವುದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಉಳಿಸಿ, ಥರ್ಮೋಸ್ಟಾಟಿನಲ್ಲಿ ಬೇಡ.

ಕ್ರೆಸ್ಟೆಡ್ ಗೆಕ್ಕೊ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾದ್ದು. ನಶಿಸಿಹೋಯಿತೆಂದೇ ನಂಬಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಇಂದು ಮನೆಗಳಲ್ಲಿರುವುದೆಲ್ಲ ಆ ಬಳಿಕ ತಂದ ಕೆಲವೇ ಹಲ್ಲಿಗಳ ಸಂತಾನ. ಇದಕ್ಕೆ ಬಿಸಿ ದೀಪ ಬೇಡ, 22ರಿಂದ 26 ಡಿಗ್ರಿ ಇರುವ ಕೋಣೆಯೇ ಸಾಕು. ಹಣ್ಣಿನ ಪುಡಿಯ ಆಹಾರವನ್ನು ನೀರಿನಲ್ಲಿ ಕಲಸಿ ಬಟ್ಟಲಲ್ಲಿ ಇಟ್ಟರೆ ರಾತ್ರಿ ನೆಕ್ಕಿಕೊಳ್ಳುತ್ತದೆ. ಮನೆಯಲ್ಲಿ ಜಿರಳೆ ಡಬ್ಬ ಇಡಲು ಒಪ್ಪದವರಿಗೆ ಗೆಕ್ಕೊಗಳಲ್ಲಿ ಇದೊಂದೇ ದಾರಿ. ಮೊಟ್ಟೆಗೂ ಇನ್‌ಕ್ಯುಬೇಟರ್ ಬೇಡ. ತೇವ ಹಿಡಿದಿಡುವ ಖನಿಜದ ಹರಳಾದ ವರ್ಮಿಕ್ಯುಲೈಟನ್ನು ಒದ್ದೆ ಮಾಡಿ ತುಂಬಿದ ಡಬ್ಬಿಯನ್ನು ಕಪಾಟಿನಲ್ಲಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಮರಿ ಬರುತ್ತದೆ.

ಅದಕ್ಕೆ ಪ್ರತಿಯಾಗಿ ಮೂರು ತೊಡಕುಗಳಿವೆ. ಬೇಸಿಗೆಯಲ್ಲಿ ಎಸಿ ಕೆಟ್ಟು ಕೋಣೆ 29 ಡಿಗ್ರಿ ದಾಟಿದರೆ ಇದು ತಡೆಯುವುದಿಲ್ಲ. ಗಾಬರಿಯಾದರೆ ಬಾಲ ಕಳಚುತ್ತದೆ, ಲೆಪರ್ಡ್ ಗೆಕ್ಕೊಗೆ ಅದು ಮತ್ತೆ ಬೆಳೆಯುತ್ತದೆ, ಇದಕ್ಕೆ ಬೆಳೆಯುವುದಿಲ್ಲ, ಬಾಲವಿಲ್ಲದ ಮರಿಯ ಬೆಲೆ ಇಳಿಯುತ್ತದೆ. ಗಂಡು ಹೆಣ್ಣು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ಆಮೇಲೂ ಭೂತಗನ್ನಡಿ ಹಿಡಿದು ತೊಡೆಯ ಬಳಿಯ ರಂಧ್ರಗಳ ಸಾಲು ಹುಡುಕಬೇಕು. ಕೊಳ್ಳುವವರು ಹೆಣ್ಣಿಗೆ ಹೆಚ್ಚು ಕೊಡುವುದರಿಂದ, ಸಾಕುವವನು ಆ ತನಕ ಇಟ್ಟುಕೊಳ್ಳಬೇಕಾಗುತ್ತದೆ.

ಬೇಸ್‌ಮೆಂಟ್ ತಂಪಾಗಿದ್ದು, ಹುಳು ಬೇಡವೆನ್ನುವವರಿಗೆ ಕ್ರೆಸ್ಟೆಡ್. ಬಿಸಿಯ ಲೆಕ್ಕ ಇಡುವ ಶಿಸ್ತು ಇದ್ದು, ಮರಿಗಳನ್ನು ಬೇಗ ದಾಟಿಸಬೇಕೆನ್ನುವವರಿಗೆ ಲೆಪರ್ಡ್. ಒಂದನ್ನೇ ಹೇಳು ಎಂದರೆ ನಾನು ಕ್ರೆಸ್ಟೆಡ್ ಎನ್ನುತ್ತೇನೆ. ಷಿಕಾಗೊದ ಜನವರಿಯಲ್ಲಿ ಒಂದು ರಾತ್ರಿ ಕರೆಂಟು ಹೋಗಿ, ಲೆಪರ್ಡ್ ಗೆಕ್ಕೊ ಮೊಟ್ಟೆಗಳ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಬಿಸಿನೀರ ಬಾಟಲಿಗಳ ನಡುವೆ ಇಟ್ಟು ಬೆಳಗಿನವರೆಗೆ ಕೂತಿದ್ದೇನೆ. ಬೆಳಗ್ಗೆ ಟಾರ್ಚ್ ಹಿಡಿದು ನೋಡಿದಾಗ ಎಂಟು ಮೊಟ್ಟೆಗಳಲ್ಲಿ ಐದರೊಳಗೆ ಕೆಂಪು ನರಗಳ ಜಾಲ ಇನ್ನೂ ತಿಳಿಯಾಗಿತ್ತು, ಮೂರರಲ್ಲಿ ಹಳದಿ ಮಸುಕಾಗಿ ಕದಡಿಹೋಗಿತ್ತು. ಅದೇ ಕಪಾಟಿನ ಕೆಳಗಿನ ಹಲಗೆಯಲ್ಲಿದ್ದ ಕ್ರೆಸ್ಟೆಡ್ ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ.

ಹಾವೇ ಬೇಕೆನ್ನುವವರಿಗೆ

ಮೊದಲು ಫ್ರಿಜ್ಜಿನ ಮಾತು. ಹಾವಿಗೆ ಇಲಿ ಬೇಕು, ಹೆಪ್ಪುಗಟ್ಟಿಸಿದ ಇಲಿ ಪೊಟ್ಟಣದಲ್ಲಿ ಬರುತ್ತದೆ. ಹುಳಿ, ಪಲ್ಯ, ತೆಂಗಿನ ತುರಿ ಇರುವ ಫ್ರೀಜರಿನಲ್ಲಿ ಅದನ್ನು ಇಡಲಾಗದು. ನಮ್ಮಂಥ ಮನೆಗಳಲ್ಲಿ ಹಾವು ಸಾಕುವ ಆಸೆ ಮುರಿದುಬೀಳುವುದು ಬಹುತೇಕ ಈ ಜಾಗದಲ್ಲಿ. ಬೇರೆ ಚಿಕ್ಕ ಫ್ರೀಜರ್ ತಂದು, ಮನೆಯವರೆಲ್ಲ ಒಪ್ಪಿದ ಮೇಲೆ ಮುಂದುವರಿಯಿರಿ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದೇ ಹಾವು. ನಮ್ಮ ಕೇರೆಯಂತೆ ಚುರುಕು, ಕೈಗೆ ಸೌಮ್ಯ, ಪೆಟ್ಟಿಗೆಯ ಮುಚ್ಚಳ ಅರ್ಧ ಅಂಗುಲ ಸರಿದಿದ್ದರೆ ರಾತ್ರಿ ಮನೆಯಲ್ಲೆಲ್ಲೋ ಇರುತ್ತದೆ. ಸುಮಾರು 28 ಡಿಗ್ರಿಯಲ್ಲಿ ಎರಡು ತಿಂಗಳಿಗೆ ಮೊಟ್ಟೆ ಒಡೆಯುತ್ತದೆ. ಕಷ್ಟ ಆಮೇಲೆ. ಹದಿನೈದು ಮರಿಯಲ್ಲಿ ಮೂರು ನಾಲ್ಕು ಇಲಿಮರಿಯನ್ನು ಮೂಸಿಯೂ ನೋಡುವುದಿಲ್ಲ, ಕಾಡಿನಲ್ಲಿ ಮರಿಗಳು ಹೆಚ್ಚಾಗಿ ಚಿಕ್ಕ ಹಲ್ಲಿ ಹಿಡಿಯುತ್ತವೆ. ಆಗ ಇಲಿಮರಿಗೆ ಹಲ್ಲಿಯ ವಾಸನೆ ಹಚ್ಚಿ ಒಂದೊಂದನ್ನೂ ಪುಸಲಾಯಿಸುತ್ತ ವಾರಗಟ್ಟಲೆ ಕೂರಬೇಕು. ತಾನಾಗಿ ಐದಾರು ಸಲ ತಿನ್ನದ ಹಾವುಮರಿಯನ್ನು ಯಾರಿಗೂ ಮಾರಬೇಡಿ. ಕೊಂಡವರ ಮನೆಯಲ್ಲಿ ಅದು ಸಾಯುತ್ತದೆ, ಸಾಮಾನ್ಯವಾಗಿ ಒಂದು ಮಗುವಿನ ಕಣ್ಣೆದುರು.

ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ್ದು, ಹೆದರಿದರೆ ಚೆಂಡಿನಂತೆ ಸುರುಳಿ ಸುತ್ತಿ ತಲೆ ಒಳಗಿಡುತ್ತದೆ. ಹೆಣ್ಣು ಮೊಟ್ಟೆಗೆ ಸಿದ್ಧವಾಗಲು ಮೂರು ವರ್ಷ, ಒಂದೂವರೆ ಕಿಲೋ ತೂಕ ಬೇಕು. ಮೊಟ್ಟೆಗೆ 31ರಿಂದ 32 ಡಿಗ್ರಿ, ಎರಡು ತಿಂಗಳಿಗೆ ಸ್ವಲ್ಪ ಕಡಿಮೆ. ಮರಿಗಳು ಕಡಿಮೆ, ದಪ್ಪಗೆ ಗಟ್ಟಿಮುಟ್ಟಾಗಿ ಹುಟ್ಟುತ್ತವೆ. ಮೊಟ್ಟೆಯ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಹಗುರ. ಆದರೆ ಆಯುಸ್ಸಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರ. ಇಪ್ಪತ್ತು ಮೂವತ್ತು ವರ್ಷ ಬದುಕುವುದು ಮಾಮೂಲು. ಸೇಂಟ್ ಲೂಯಿಸ್ ಮೃಗಾಲಯದ ಸುಮಾರು 62 ವರ್ಷದ ಹೆಣ್ಣು ಬಾಲ್ ಪೈಥಾನ್ 2020ರಲ್ಲಿ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಸಂಪರ್ಕವೇ ಇಲ್ಲದೆ, ಏಳು ಮೊಟ್ಟೆ ಇಟ್ಟಿತು. ಮಾರದೆ ಉಳಿದ ಒಂದು ಮರಿ ಎಂದರೆ ನಿಮ್ಮ ನಿವೃತ್ತಿಯವರೆಗಿನ ಜೊತೆಗಾರ.

ಇನ್ನೊಂದು ಕಷ್ಟ ಇದರ ಮಾರುಕಟ್ಟೆ. ಇಲ್ಲಿ ಮಾಮೂಲು ಕಂದು ಬಣ್ಣದ ಹಾವನ್ನು ಕೇಳುವವರಿಲ್ಲ. ಎಲ್ಲರೂ ಮಾರ್ಫ್ ಎಂಬ ಬಣ್ಣದ ತಳಿಗಳ ಹಿಂದೆ. ಇವತ್ತು ಸಾವಿರ ಡಾಲರಿನ ಬಣ್ಣ, ನಿಮ್ಮ ಹೆಣ್ಣು ಬೆಳೆದು ಮೊಟ್ಟೆ ಇಡುವ ಮೂರು ವರ್ಷದಲ್ಲಿ ನೂರು ಡಾಲರಿಗೆ ಸಂತೆಯ ಎಲ್ಲ ಮೇಜಿನ ಮೇಲೂ ಇರುತ್ತದೆ. ಸಾಲ ಮಾಡಿ ಬಣ್ಣದ ಹಾವು ಕೊಂಡವರು ಕೈಸುಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೀಗಾಗಿ ಹಾವುಗಳಲ್ಲಿ, ತಾಳ್ಮೆ ಇದ್ದು ಜಾಗ ಕಡಿಮೆ ಇದ್ದವರು ಬಾಲ್ ಪೈಥಾನ್ ಆರಿಸಿಕೊಳ್ಳಿ, ಒಂದೇ ಜೋಡಿ. ಕಾರ್ನ್ ಸ್ನೇಕನ್ನು ಹದಿನೈದು ಮರಿಗೆ ಹದಿನೈದು ಡಬ್ಬಿ ಇಡಬಲ್ಲವರು ಮಾತ್ರ ಯೋಚಿಸಲಿ.

ಬಣ್ಣಕ್ಕಾಗಿ ಮಾಡಬಾರದ್ದು

ಇದನ್ನು ಸುಮ್ಮನೆ ದಾಟಿಸಲಾರೆ. ಬಾಲ್ ಪೈಥಾನಿನಲ್ಲಿ ಸ್ಪೈಡರ್ ಎಂಬ ತಳಿ ಇದೆ, ಮೈಮೇಲೆ ಜೇಡರ ಬಲೆಯಂಥ ಗೆರೆ. ಆ ಬಣ್ಣದ ಜೊತೆಗೇ ಸಮತೋಲ ತಪ್ಪುವ ನರದೋಷ ಬರುತ್ತದೆ. ಹಾವು ತಲೆ ನಡುಗಿಸುತ್ತದೆ, ಮೇಲುಕೆಳಗು ತಿಳಿಯದೆ ಹೊರಳುತ್ತದೆ, ಇಲಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಲೆಪರ್ಡ್ ಗೆಕ್ಕೊದಲ್ಲಿ ಎನಿಗ್ಮಾ ತಳಿಯದು ಇದೇ ಬಗೆಯ ಕಥೆ. ಲೆಮನ್ ಫ್ರಾಸ್ಟ್ ಎಂಬ ಹೊಳೆಯುವ ಹಳದಿ ತಳಿಯ ಬಗ್ಗೆ 2021ರಲ್ಲಿ ಸಂಶೋಧನೆ ಪ್ರಕಟವಾಯಿತು: ಆ ಬಣ್ಣ ತರುವ ವಂಶವಾಹಿಯೇ ಚರ್ಮದ ಗಡ್ಡೆಗಳನ್ನೂ ತರುತ್ತದೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಲ್ಲಿಗಳಲ್ಲಿ. ಇವು ಈಗಲೂ ಮೇಜಿನ ಮೇಲೆ ಕಾಣಿಸುತ್ತವೆ, ಹೊಸಬರಿಗೆ ಅಗ್ಗಕ್ಕೂ ಸಿಗುತ್ತವೆ. ಕೊಳ್ಳಬೇಡಿ, ಮರಿ ಮಾಡಿಸಬೇಡಿ. ಕೊಳ್ಳುವವರು ನಿಂತರೆ ಮಾಡಿಸುವವರೂ ನಿಲ್ಲಿಸುತ್ತಾರೆ.

ಹೊಸದಾಗಿ ಕೊಂಡ ಹಲ್ಲಿಯನ್ನು ನೇರ ಹಳೆಯ ಹಲ್ಲಿಗಳ ಸಾಲಿಗೆ ಸೇರಿಸಲೂ ಬೇಡಿ. ಲೆಪರ್ಡ್ ಗೆಕ್ಕೊಗೆ ತಗಲುವ ಕ್ರಿಪ್ಟೊ ಎಂಬ ಕರುಳಿನ ಪರಾವಲಂಬಿಗೆ ನೆಚ್ಚಬಹುದಾದ ಮದ್ದಿಲ್ಲ, ಬಾಲ ಕಡ್ಡಿಯಾಗಿ ಸಾಯುತ್ತವೆ. ಮೂರು ತಿಂಗಳು ಬೇರೆ ಕೋಣೆ, ಬೇರೆ ಚಿಮಟ, ಬೇರೆ ನೀರ ಬಟ್ಟಲು.

ಮಾರುವಾಗ

ಅಮೆರಿಕದ ಕೇಂದ್ರದ ಪ್ರಾಣಿ ಕಲ್ಯಾಣ ಕಾಯ್ದೆ ಸರೀಸೃಪಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಬಹುಪಾಲು ರಾಜ್ಯ, ನಗರದ ನಿಯಮದ ಮೇಲಿದೆ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಅಲ್ಲಿನದೇ ಹಾವಾದ ಕಾರ್ನ್ ಸ್ನೇಕ್ ನಿಷಿದ್ಧ, ಆಫ್ರಿಕದ ಬಾಲ್ ಪೈಥಾನ್ ಅಲ್ಲ. ಒಂದು ರಾಜ್ಯದ ನಿಯಮ ಮುರಿದು ಗಡಿ ದಾಟಿಸಿ ಮಾರಿದರೆ ಲೇಸಿ ಕಾಯ್ದೆಯಡಿ ಅದು ಕೇಂದ್ರದ ಅಪರಾಧವಾಗುತ್ತದೆ. ಅಂಚೆಯಲ್ಲಿ ಹಾವು ಕಳಿಸುವಂತಿಲ್ಲ, ಖಾಸಗಿ ಕೊರಿಯರಿನವರ ಷರತ್ತುಗಳಿಗೆ ಒಪ್ಪಿ ರಾತ್ರಿ ಹೊರಟು ಬೆಳಗ್ಗೆ ತಲುಪುವಂತೆ ಕಳಿಸಬೇಕು. ನಮ್ಮ ಕಡೆ ಡಿಸೆಂಬರಿನಿಂದ ಮಾರ್ಚ್ ತನಕ ನಾನು ಕಳಿಸುವುದೇ ಇಲ್ಲ. ಸಂತೆಯಲ್ಲಿ, ಇಲ್ಲವೇ ಮನೆಬಾಗಿಲಿಗೆ ಬಂದವರಿಗೆ, ಹುಟ್ಟಿದ ದಿನ, ತೂಕ, ಕೊನೆಯ ಐದು ಊಟ ಬರೆದ ಚೀಟಿಯ ಜೊತೆ ಕೊಡುತ್ತೇನೆ. ಐದು ವರ್ಷದೊಳಗಿನ ಮಗು ಇದ್ದರೆ ಇವುಗಳಿಂದಲೂ ಸಾಲ್ಮೊನೆಲ್ಲಾ ತಗಲಬಹುದೆಂಬ ಮಾತನ್ನು ಎದುರಿಗೇ ಹೇಳುತ್ತೇನೆ.

ನಮ್ಮವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಎಚ್-1ಬಿ ವೀಸಾ ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ ಅನುಮತಿ ಕೊಡುತ್ತದೆ. ಮರಿ ಮಾರುವುದು ಸ್ವಂತ ದುಡಿಮೆ ಎನಿಸಬಹುದು. ಮೊದಲ ಮರಿ ಮಾರುವ ಮುನ್ನ ವಲಸೆ ವಕೀಲರನ್ನು ಕೇಳಿ. ಹವ್ಯಾಸದಿಂದ ಬಂದ ಹಣಕ್ಕೂ ತೆರಿಗೆ ಇದೆ, ಹುಳುವಿಗೆ, ಕರೆಂಟಿಗೆ ಮಾಡಿದ ಖರ್ಚನ್ನು 2018ರಿಂದ ಅದರಲ್ಲಿ ಕಳೆಯುವಂತಿಲ್ಲ. ಹೀಗೆ ನೋಡಿದರೆ ಐದರಲ್ಲಿ ಯಾವುದರಿಂದಲೂ ಲಾಭದ ಮಾತಿಲ್ಲ. ಚೆನ್ನಾಗಿ ನಡೆದ ವರ್ಷ ನನ್ನ ಮರಿಗಳು ತಮ್ಮ ತಾಯಂದಿರ ಊಟದ ಖರ್ಚು ದುಡಿಯುತ್ತವೆ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಈ ಹೋಲಿಕೆ ಹಾಗೇ ಹೊಂದುವುದಿಲ್ಲ. ಕೇರೆ, ಹೆಬ್ಬಾವು, ನಕ್ಷತ್ರ ಆಮೆ, ಉಡ ಯಾವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಡುವಂತಿಲ್ಲ. ಲೆಪರ್ಡ್ ಗೆಕ್ಕೊ ಭಾರತದ ಕಾಡಿನದೂ ಹೌದು, ಆದ್ದರಿಂದ ಇಲ್ಲಿನ ನನ್ನ ಸಲಹೆಯನ್ನು ಅಲ್ಲಿಗೆ ಒಯ್ಯಬೇಡಿ. ಬಾಲ್ ಪೈಥಾನಿನಂತೆ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನ ಪಟ್ಟಿಯಲ್ಲಿರುವ ಹೊರದೇಶದ ಜೀವಗಳನ್ನು ಸಾಕಲು, 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಷ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕಾಗದವಿಲ್ಲದ ಜೀವವನ್ನು ಯಾವ ಬೆಲೆಗೂ ಮುಟ್ಟಬೇಡಿ. ಬೇಡವಾದದ್ದನ್ನು ಕೆರೆಗೆ, ತೋಟಕ್ಕೆ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಅಮೆರಿಕದ ಕೆಂಪುಕಿವಿಯ ಆಮೆ ಬೆಂಗಳೂರಿನ ಕೆರೆಗಳಿಗೆ ಸೇರಿದ್ದು ಹಾಗೆಯೇ.

ಕಳೆದ ತಿಂಗಳು ಅರೋರಾದ ಗೆಳೆಯರೊಬ್ಬರು ಕ್ರೆಸ್ಟೆಡ್ ಗೆಕ್ಕೊ ಜೋಡಿ ಕೊಳ್ಳಲು ಹೊರಟಿದ್ದರು. ಹೆಣ್ಣನ್ನು ಮಾತ್ರ ತನ್ನಿ, ಗಂಡು ಮುಂದಿನ ವರ್ಷಕ್ಕಿರಲಿ ಎಂದೆ. ಒಮ್ಮೆ ಗಂಡಿನೊಡನೆ ಬಿಟ್ಟರೆ ಹೆಣ್ಣು ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ತಿಂಗಳುಗಟ್ಟಲೆ ಫಲಿತ ಮೊಟ್ಟೆ ಇಡುತ್ತಲೇ ಇರುತ್ತದೆ, ಗಂಡನ್ನು ವಾಪಸು ಕೊಟ್ಟರೂ ನಿಲ್ಲುವುದಿಲ್ಲ. ಸಾಕಲಾಗದಷ್ಟು ಬಂದರೆ ಇಟ್ಟ ದಿನವೇ ಮೊಟ್ಟೆಯನ್ನು ಫ್ರೀಜರಿಗೆ ಹಾಕಿ, ಕಾವಿಗೆ ಇಡಬೇಡಿ ಎಂದೂ ಹೇಳಿದೆ. ಅವರ ಮುಖ ಸ್ವಲ್ಪ ಬಾಡಿತು. ಇಟ್ಟುಕೊಳ್ಳುವ ಮೊಟ್ಟೆಯನ್ನು ಹೊರಳಿಸದೆ ಎತ್ತಿ, ಮೇಲ್ಭಾಗಕ್ಕೆ ಪೆನ್ಸಿಲಿನಿಂದ ತಾರೀಕು ಬರೆದು, ಅದೇ ಭಂಗಿಯಲ್ಲಿ ವರ್ಮಿಕ್ಯುಲೈಟಿನಲ್ಲಿ ಅರ್ಧ ಹೂಳುವುದನ್ನು ನನ್ನ ಕಪಾಟಿನ ಮುಂದೆಯೇ ಕಲಿಸಿಕೊಟ್ಟೆ. ಹೆಣ್ಣು ಈಗ 31 ಗ್ರಾಂ ಇದೆಯಂತೆ. 35 ದಾಟಿ, ಹಾಗೇ ಎರಡು ತಿಂಗಳು ನಿಲ್ಲಲಿ, ಆಮೇಲೆ ಗಂಡಿನ ಮಾತು ಎಂದಿದ್ದೇನೆ.